‘ವ್ಯಾಕ್ಸಿನ್’ ಎಂಬ ಶಬ್ದದಲ್ಲಿ ಅಡಗಿರುವ ಆಕಳು

ಈಚೆಗೆ ನಾವು ಧಾರವಾಡದ ಕಡೆಯ ಪರಿಚಿತ ಕುಟುಂಬವೊಂದಕ್ಕೆ ಕೂಸನ್ನು ನೋಡಲು ಹೋಗಿದ್ದೆವು. ಮನೆ ತುಂಬ ಸಂಭ್ರಮ. ಕೂಸಿಗೆ ಒಂದೂವರೆ ತಿಂಗಳು ತುಂಬುತ್ತಿತ್ತು. ಆ ವಾರವೇ ಆಸ್ಪತ್ರೆಗೆ ಒಯ್ದು ಚುಚ್ಚುಮದ್ದು ಹಾಕಿಸಬೇಕೆಂದು ಬಾಣಂತಿ ಹೇಳುತ್ತಿದ್ದಳು. ಅಲ್ಲಿಯೇ ಕುಳಿತಿದ್ದ ಕಾಲೇಜು ಓದುವ ಮೊಮ್ಮಗ ತನ್ನ ತಿಳಿವಳಿಕೆಯನ್ನು ತೋರಿಸುವ ಉತ್ಸಾಹದಿಂದ, “ಆಯಿ, ವ್ಯಾಕ್ಸಿನ್ ಅಂದ್ರ ಏನಂತ ನಿನಗ ಗೊತ್ತೈತೇನ? ಲ್ಯಾಟಿನ್ ಭಾಷಾದಾಗ ಆಕಳು ಅಂತ ಅರ್ಥ” ಎಂದನು.

ಆಯಿಯವರು ಬೆಚ್ಚಿ ಕೂಸನ್ನು ಎದೆಗೆ ಒತ್ತಿಕೊಂಡರು. “ಹಂಗಾರ ಕೂಸಿಗೆ ಆಕಳದ್ದು ಏನರ ಚುಚ್ಚತಾರೇನೊ? ನಮ್ಮ ಮನ್ಯಾಗ ಅದು ನಡಿಯೂದಿಲ್ಲ. ಮೊದಲ ಕೇಳಿ ತಿಳಕೊಳ್ರಿ, ಆಮ್ಯಾಲೆ ನೋಡೋಣಂತ” ಎಂದುಬಿಟ್ಟರು. ಎಲ್ಲರೂ ನಕ್ಕರು. ಆದರೆ ಆಯಿಯವರು ನಗಲಿಲ್ಲ. ಆ ನಗುವಿನ ನಡುವೆಯೇ ಆಸ್ಪತ್ರೆಗೆ ಹೋಗುವ ಮಾತು ಮುಂದಕ್ಕೆ ಹೋಯಿತು.

ಮಾಂಸಾಹಾರವನ್ನು ಮುಟ್ಟದ, ದನಕರುಗಳನ್ನು ಮನೆಯ ಮಕ್ಕಳಂತೆ ಸಾಕುವ ಮನೆತನದ ಹಿರಿಯರ ಮನಸ್ಸಿನಲ್ಲಿ ಇಂಥ ಪ್ರಶ್ನೆ ಹುಟ್ಟುವುದು ಸಹಜವೇ. ಅದನ್ನು ನಕ್ಕು ತಳ್ಳುವುದು ತರವಲ್ಲ. ಒಂದು ಶಬ್ದದ ಅರ್ಥದಿಂದಾಗಿ ಹಸುಗೂಸೊಂದರ ಚುಚ್ಚುಮದ್ದು ತಪ್ಪುವುದಾದರೆ, ಆ ಶಬ್ದದ ಹುಟ್ಟು ಬೆಳವಣಿಗೆಗಳನ್ನು ಸರಿಯಾಗಿ ಅರಿಯುವುದು ಕೇವಲ ಪಂಡಿತರ ಕೆಲಸವಾಗಿ ಉಳಿಯುವುದಿಲ್ಲ. ಆದುದರಿಂದ ನಾವು ಮನೆಗೆ ಮರಳಿದ ಮೇಲೆ ಈ ವಿಷಯವಾಗಿ ಓದಿ ತಿಳಿದುದನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

ಸಿಡುಬಿನ ಕಾಲ

ಈ ಶಬ್ದದ ಕಥೆ ಆರಂಭವಾಗುವುದು ಸಿಡುಬಿನಿಂದ. ಇಂದಿನ ತರುಣ ತಾಯಂದಿರು ಸಿಡುಬನ್ನು ಕಂಡವರಲ್ಲ. ಆದರೆ ಅವರ ಅಜ್ಜ ಅಜ್ಜಿಯರಿಗೆ ಅದರ ಹೆಸರೆತ್ತುವುದಕ್ಕೂ ಅಂಜಿಕೆಯಿತ್ತು. ‘ಅಮ್ಮ ಬಂದಿದ್ದಾಳೆ’, ‘ದೇವಿ ಎದ್ದಿದ್ದಾಳೆ’ ಎನ್ನುತ್ತಿದ್ದರೇ ಹೊರತು ರೋಗವೆಂದು ಅನ್ನುತ್ತಿರಲಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಮನೆಯಲ್ಲಿ ಒಗ್ಗರಣೆಯನ್ನೂ ಹಾಕದೆ ದಿನ ಎಣಿಸುತ್ತಿದ್ದರು. ಈ ರೋಗ ತಗುಲಿದ ನೂರು ಜನರಲ್ಲಿ ಸುಮಾರು 30 ಜನ ಸಾಯುತ್ತಿದ್ದರು. ಉಳಿದವರ ಮುಖದ ಮೇಲೆ ಕುಳಿಗಳು ಬಾಳಿನುದ್ದಕ್ಕೂ ಉಳಿಯುತ್ತಿದ್ದವು. ಕೆಲವರ ಕಣ್ಣುಗಳೇ ಹೋಗುತ್ತಿದ್ದವು. ಅರಮನೆಯೆನ್ನದೆ ಗುಡಿಸಲೆನ್ನದೆ, ಯಾವ ದೇಶವನ್ನೂ ಬಿಡದೆ, ಸಾವಿರಾರು ವರ್ಷಗಳ ಕಾಲ ಅದು ಮನುಕುಲವನ್ನು ಕಾಡಿತು.

ಈ ರೋಗದ ವಿಷಯದಲ್ಲಿ ಒಂದು ಸಂಗತಿಯನ್ನು ಮಾತ್ರ ಜನರು ಎಂದೋ ಕಂಡುಕೊಂಡಿದ್ದರು. ಒಮ್ಮೆ ಸಿಡುಬು ಎದ್ದು ಬದುಕಿದವರಿಗೆ ಅದು ಮತ್ತೆ ಬರುವುದಿಲ್ಲ. ಈ ಅರಿವಿನಿಂದಲೇ ಒಂದು ವಿದ್ಯೆ ಹುಟ್ಟಿತು.

ಕಣ್ಣು ಕಸಿ

ಸಿಡುಬು ಸೌಮ್ಯವಾಗಿ ಎದ್ದವರ ಗುಳ್ಳೆಯಿಂದ ಸ್ವಲ್ಪ ಕೀವನ್ನು ತೆಗೆದು, ಆರೋಗ್ಯವಂತರ ಚರ್ಮವನ್ನು ಗೀರಿ ಅಲ್ಲಿ ಸವರುವ ಪದ್ಧತಿ ಭಾರತ, ತುರ್ಕಿ ದೇಶಗಳಲ್ಲಿ ಬಹು ಹಿಂದಿನಿಂದ ಇತ್ತು. ಬಂಗಾಳದಲ್ಲಿ ಊರೂರು ತಿರುಗಿ ಈ ಕೆಲಸ ಮಾಡುವವರಿಗೆ ‘ಟೀಕಾದಾರ’ರೆಂದು ಹೆಸರು. ತುರ್ಕಿಯ ರಾಜಧಾನಿಯಲ್ಲಿ ಇಂಗ್ಲೆಂಡಿನ ರಾಯಭಾರಿಯ ಪತ್ನಿಯಾಗಿದ್ದ ಲೇಡಿ ಮೇರಿ ಮಾಂಟೆಗು ಎಂಬಾಕೆ ಈ ಪದ್ಧತಿಯನ್ನು ಕಣ್ಣಾರೆ ಕಂಡು, 1718ರಲ್ಲಿ ತನ್ನ ಮಗನಿಗೂ 1721ರಲ್ಲಿ ಲಂಡನ್ನಿನಲ್ಲಿ ತನ್ನ ಮಗಳಿಗೂ ಮಾಡಿಸಿದಳು. ಅಂದಿನಿಂದ ಅದು ಇಂಗ್ಲೆಂಡಿನಲ್ಲಿಯೂ ಬೇರೂರಿತು.

ಇಂಗ್ಲಿಷಿನವರು ಇದನ್ನು ‘ಇನಾಕ್ಯುಲೇಷನ್’ ಎಂದು ಕರೆದರು. ಈ ಶಬ್ದವೂ ಸ್ವಾರಸ್ಯವಾಗಿದೆ. ಲ್ಯಾಟಿನ್ನಿನಲ್ಲಿ ‘ಆಕ್ಯುಲಸ್’ ಎಂದರೆ ಕಣ್ಣು. ಗಿಡದ ಮೊಗ್ಗೆಗೂ ಅವರು ಕಣ್ಣೆಂದೇ ಅನ್ನುತ್ತಿದ್ದರು. ಒಂದು ಗಿಡದ ಕಣ್ಣನ್ನು ತೆಗೆದು ಇನ್ನೊಂದರ ತೊಗಟೆಯೊಳಗೆ ಕೂಡಿಸುವ ತೋಟಗಾರನ ಕೆಲಸಕ್ಕೆ ಇದ್ದ ಶಬ್ದವನ್ನೇ ವೈದ್ಯರು ಎತ್ತಿಕೊಂಡರು. ನಮ್ಮ ರೈತರೂ ಕಬ್ಬಿನ ಕಣ್ಣು, ಆಲೂಗಡ್ಡೆಯ ಕಣ್ಣು ಎನ್ನುವುದಿಲ್ಲವೆ? ಗುಲಾಬಿಗೆ ಕಣ್ಣು ಕಸಿ ಮಾಡುವುದಿಲ್ಲವೆ? ಅಷ್ಟೇ ಅಲ್ಲ, ಇಂದು ನಾವು ‘ಮೂತ್ರಪಿಂಡದ ಕಸಿ’ ಎನ್ನುವಾಗಲೂ ತೋಟದ ಮಾತನ್ನೇ ಆಸ್ಪತ್ರೆಗೆ ಒಯ್ದಿದ್ದೇವೆ. ನೆಲದಲ್ಲಿ ದುಡಿಯುವವರ ನುಡಿಯೇ ಎಷ್ಟೋ ಕಡೆ ಶಾಸ್ತ್ರದ ನುಡಿಯಾಗಿದೆ ಎಂಬುದಕ್ಕೆ ಇದೊಂದು ನಿದರ್ಶನ.

ಆದರೆ ಈ ಕಸಿಯಲ್ಲಿ ಅಪಾಯವಿತ್ತು. ಕೊಡುತ್ತಿದ್ದುದು ನಿಜವಾದ ಸಿಡುಬನ್ನೇ. ನೂರರಲ್ಲಿ ಒಬ್ಬಿಬ್ಬರು ಅದರಿಂದಲೇ ಸಾಯುತ್ತಿದ್ದರು. ಮಾಡಿಸಿಕೊಂಡವರಿಂದ ಇತರರಿಗೆ ರೋಗ ಹರಡುವ ಭಯವೂ ಇತ್ತು.

ಹಾಲು ಕರೆಯುವ ಕೈ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಒಂದು ಮಾತು ಬಳಕೆಯಲ್ಲಿತ್ತು. ಆಕಳುಗಳ ಕೆಚ್ಚಲಿನ ಮೇಲೆ ಕೆಲವೊಮ್ಮೆ ಗುಳ್ಳೆಗಳು ಏಳುತ್ತಿದ್ದವು. ಹಾಲು ಕರೆಯುವವರ ಕೈಗೂ ಅವು ಅಂಟಿ ಕೆಲವು ದಿನಗಳಲ್ಲಿ ಮಾಯುತ್ತಿದ್ದವು. ಈ ಗೋಸಿಡುಬು ಬಂದು ಹೋದವರಿಗೆ ದೊಡ್ಡ ಸಿಡುಬು ತಟ್ಟುವುದಿಲ್ಲ ಎಂಬುದೇ ಆ ಮಾತು. ಡಾರ್ಸೆಟ್ ಪ್ರಾಂತದ ಬೆಂಜಮಿನ್ ಜೆಸ್ಟಿ ಎಂಬ ರೈತನು 1774ರಲ್ಲಿ ಸಿಡುಬು ಹಬ್ಬಿದಾಗ ಇದನ್ನು ನಂಬಿ, ಆಕಳಿನ ಗುಳ್ಳೆಯ ರಸವನ್ನು ಹೆಣಿಗೆಯ ಸೂಜಿಯ ಮೊನೆಯಿಂದ ತನ್ನ ಹೆಂಡತಿಗೂ ಇಬ್ಬರು ಗಂಡುಮಕ್ಕಳಿಗೂ ಹಾಕಿದನು. ನೆರೆಹೊರೆಯವರು ಅವನನ್ನು ಹೀಯಾಳಿಸಿದರು. ಆದರೆ ಅವನ ಮನೆಯವರು ಉಳಿದುಕೊಂಡರು.

ಈ ಜಾನಪದ ಅರಿವನ್ನು ಪರೀಕ್ಷೆಗೆ ಒಡ್ಡಿ, ಬರೆದಿಟ್ಟು, ಲೋಕಕ್ಕೆ ಹಂಚಿದ ಕೀರ್ತಿ ಎಡ್ವರ್ಡ್ ಜೆನ್ನರ್ ಎಂಬ ವೈದ್ಯನದು. ಇವನು 1749ರಲ್ಲಿ ಗ್ಲಾಸ್ಟರ್‌ಶೈರಿನ ಬರ್ಕ್ಲಿ ಎಂಬ ಊರಿನಲ್ಲಿ ಹುಟ್ಟಿದವನು. 1796ರ ಮೇ 14ರಂದು ಇವನು ಸಾರಾ ನೆಲ್ಮ್ಸ್ ಎಂಬ ಹಾಲು ಕರೆಯುವ ಹುಡುಗಿಯ ಕೈಯ ಗುಳ್ಳೆಯಿಂದ ರಸವನ್ನು ತೆಗೆದು, ತನ್ನ ತೋಟದ ಆಳಿನ ಎಂಟು ವರ್ಷದ ಮಗ ಜೇಮ್ಸ್ ಫಿಪ್ಸನ ತೋಳಿಗೆ ಹಾಕಿದನು. ಹುಡುಗನಿಗೆ ಸ್ವಲ್ಪ ಜ್ವರ ಬಂದು ಬಿಟ್ಟಿತು. ಜುಲೈ ತಿಂಗಳಲ್ಲಿ ಅವನಿಗೆ ನಿಜವಾದ ಸಿಡುಬಿನ ಕೀವನ್ನೇ ಸವರಿದಾಗಲೂ ರೋಗ ತಗುಲಲಿಲ್ಲ. ಬಡವನ ಮಗನ ಮೇಲೆ ಹೀಗೆ ಪರೀಕ್ಷೆ ನಡೆಸುವುದನ್ನು ಇಂದಿನ ನ್ಯಾಯ ಒಪ್ಪದು. ಆ ಬಾಲಕನ ಋಣವೂ ನಮ್ಮೆಲ್ಲರ ಮೇಲಿದೆ ಎಂಬುದನ್ನು ಮರೆಯಬಾರದು. ಮುಂದೆ ಜೆನ್ನರನು ಅವನಿಗೆ ಬಾಡಿಗೆಯಿಲ್ಲದೆ ವಾಸಿಸಲು ಒಂದು ಮನೆಯನ್ನು ಕೊಟ್ಟನು.

ಸಾರಾಳ ಕೈಗೆ ಗುಳ್ಳೆಯನ್ನು ಅಂಟಿಸಿದ ಆಕಳಿನ ಹೆಸರೂ ಉಳಿದಿದೆ: ಬ್ಲಾಸಮ್, ಎಂದರೆ ಹೂವು. ಅದರ ತೊಗಲನ್ನು ಲಂಡನ್ನಿನ ಸೇಂಟ್ ಜಾರ್ಜ್ ವೈದ್ಯಕೀಯ ವಿದ್ಯಾಲಯದಲ್ಲಿ ಕಾಪಾಡಿಕೊಂಡು ಬಂದಿದ್ದಾರೆ.

ಶಬ್ದ ಹುಟ್ಟಿದ ಬಗೆ

ಜೆನ್ನರನು ತಾನು ಕಂಡ 23 ಪ್ರಸಂಗಗಳನ್ನು ಸೇರಿಸಿ 1798ರಲ್ಲಿ ತನ್ನ ಖರ್ಚಿನಿಂದಲೇ ಒಂದು ಪುಸ್ತಕವನ್ನು ಪ್ರಕಟಿಸಿದನು. ಅಂದಿನ ವೈದ್ಯರು ರೋಗಗಳಿಗೆ ಲ್ಯಾಟಿನ್ ಹೆಸರನ್ನೇ ಇಡುತ್ತಿದ್ದರು. ಲ್ಯಾಟಿನ್ನಿನಲ್ಲಿ ಆಕಳಿಗೆ ‘ವಕ್ಕಾ’ ಎನ್ನುತ್ತಾರೆ. ‘ಆಕಳಿಗೆ ಸಂಬಂಧಿಸಿದ’ ಎಂಬುದಕ್ಕೆ ‘ವಕ್ಕಿನಸ್’. ಸಿಡುಬಿಗೆ ‘ವೇರಿಯೋಲಾ’ ಎಂಬ ಹೆಸರು ಮೊದಲೇ ಇತ್ತು. ಇವೆರಡನ್ನೂ ಕೂಡಿಸಿ ಜೆನ್ನರನು ‘ವೇರಿಯೋಲೆ ವ್ಯಾಕ್ಸಿನೆ’, ಅಂದರೆ ‘ಆಕಳಿನ ಸಿಡುಬು’ ಎಂಬ ಹೆಸರನ್ನು ಕಟ್ಟಿದನು. ಮೊದಮೊದಲು ‘ವ್ಯಾಕ್ಸಿನ್’ ಎಂಬುದು ಬರಿಯ ವಿಶೇಷಣ. ‘ವ್ಯಾಕ್ಸಿನ್ ರೋಗ’, ‘ವ್ಯಾಕ್ಸಿನ್ ರಸ’ ಎಂದು ಬರೆಯುತ್ತಿದ್ದರು. ಕ್ರಮೇಣ ವಿಶೇಷ್ಯವು ಬಿದ್ದುಹೋಗಿ ವಿಶೇಷಣವೇ ಹೆಸರಾಗಿ ನಿಂತಿತು. ಪ್ಲಿಮತ್ ಊರಿನ ಶಸ್ತ್ರವೈದ್ಯ ರಿಚರ್ಡ್ ಡನಿಂಗ್ ಎಂಬಾತನು 1800ರಲ್ಲಿ, ಈ ರಸವನ್ನು ಹಾಕುವ ಕ್ರಿಯೆಗೆ ‘ವ್ಯಾಕ್ಸಿನೇಷನ್’ ಎಂಬ ಶಬ್ದವನ್ನು ಬಳಕೆಗೆ ತಂದನು.

ಆಯಿಯವರ ಅಂಜಿಕೆ ಹೊಸದೇನಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ದನದ ಮಾಂಸವನ್ನು ತಿನ್ನುವ ಇಂಗ್ಲಿಷಿನವರೇ ಈ ಶಬ್ದವನ್ನು ಕೇಳಿ ಬೆದರಿದ್ದರು. 1802ರಲ್ಲಿ ಜೇಮ್ಸ್ ಗಿಲ್ರೇ ಎಂಬ ವ್ಯಂಗ್ಯಚಿತ್ರಕಾರನು, ಲಸಿಕೆ ಹಾಕಿಸಿಕೊಂಡವರ ಮೈಯಿಂದ ಪುಟ್ಟ ಪುಟ್ಟ ಆಕಳುಗಳು ಹೊರಬರುತ್ತಿರುವಂತೆ ಚಿತ್ರ ಬರೆದು ಆ ಭಯವನ್ನು ಲೇವಡಿ ಮಾಡಿದನು. ಹೆಸರು ಹುಟ್ಟಿಸುವ ದಿಗಿಲಿಗೆ ದೇಶಭೇದವಿಲ್ಲ.

ಇನ್ನೊಂದು ವಿಚಿತ್ರವಿದೆ. ಸಿಡುಬಿನ ಲಸಿಕೆಯಲ್ಲಿದ್ದ ವೈರಾಣುವು ಗೋಸಿಡುಬಿನ ವೈರಾಣುವಲ್ಲ, ಬೇರೆಯದೇ ಎಂದು 1939ರಲ್ಲಿ ತಿಳಿದುಬಂತು. 1902ರಲ್ಲಿ ಅಮೆರಿಕೆಯಲ್ಲಿ ತಯಾರಾದ ಲಸಿಕೆಯೊಂದನ್ನು ಪರೀಕ್ಷಿಸಿದಾಗ, ಅದು ಕುದುರೆಯ ಸಿಡುಬನ್ನು ಬಹುವಾಗಿ ಹೋಲುವುದೆಂದು 2017ರಲ್ಲಿ ಪ್ರಕಟವಾಯಿತು. ಶಬ್ದದಲ್ಲಿ ಇರುವುದು ಆಕಳು. ಆ ಸೀಸೆಯಲ್ಲಿದ್ದುದು ಕುದುರೆಯ ಕಡೆಯದು! ಶಬ್ದದ ಅರ್ಥವನ್ನು ನೋಡಿ ವಸ್ತುವನ್ನು ತಿಳಿಯಲಾಗದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ತೋಳಿನಿಂದ ತೋಳಿಗೆ

ಆ ಕಾಲದಲ್ಲಿ ತಂಪುಪೆಟ್ಟಿಗೆಗಳಿರಲಿಲ್ಲ. ಲಸಿಕೆಯ ರಸವು ದೂರದ ಪ್ರಯಾಣದಲ್ಲಿ ಕೆಡುತ್ತಿತ್ತು. ಒಬ್ಬರ ತೋಳಿನಲ್ಲಿ ಎದ್ದ ಗುಳ್ಳೆಯಿಂದ ಮತ್ತೊಬ್ಬರ ತೋಳಿಗೆ, ಅಲ್ಲಿಂದ ಮಗದೊಬ್ಬರ ತೋಳಿಗೆ ಎಂದು ಸರಪಳಿಯಂತೆ ಸಾಗಿಸುವುದೊಂದೇ ನಂಬಿಕೆಯ ದಾರಿ. ಹೀಗೆ ಬಾಗ್ದಾದು, ಬಸ್ರಾಗಳ ಮಾರ್ಗವಾಗಿ ಬಂದ ಲಸಿಕೆಯನ್ನು 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿಗೆ ಹಾಕಲಾಯಿತು. ಭರತಖಂಡದಲ್ಲಿ ಮೊದಲು ಲಸಿಕೆ ಪಡೆದವಳೆಂದು ಇತಿಹಾಸವು ಗುರುತಿಸಿರುವುದು ಈ ಮಗುವನ್ನೇ. ಅವಳ ತೋಳಿನಿಂದ ಇತರ ಮಕ್ಕಳಿಗೆ, ಅವರಿಂದ ದೇಶದ ಬೇರೆ ಬೇರೆ ಪಟ್ಟಣಗಳಿಗೆ ಅದು ಹಬ್ಬಿತು.

ಯಾರ ಮೈಯ ರಸವೋ, ಯಾವ ಕುಲದವರದೋ ಎಂದು ಹಿಂಜರಿದವರು ಆಗ ಬಹಳ ಮಂದಿ. ಆದರೆ ಆ ಸರಪಳಿಗೆ ಕುಲವಿರಲಿಲ್ಲ. ಮೇಲೆಂಬವರ ಮಗುವೂ ಕೀಳೆಂಬವರ ಮಗುವೂ ಒಂದೇ ರಸದಿಂದ ಬದುಕಿಕೊಂಡರು. ಕುಲವನ್ನು ಕೇಳಬೇಡವೆಂದು ಸಾರಿದ ಶರಣರ ನಾಡಿನವರಾದ ನಮಗೆ ಈ ಸಂಗತಿ ವಿಶೇಷವಾಗಿ ಮನನೀಯ.

ಮೈಸೂರು ಅರಮನೆಯೂ ಈ ಕಥೆಯಲ್ಲಿ ಬರುತ್ತದೆ. ಸುಮಾರು 1805ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರನು ಮೂವರು ಭಾರತೀಯ ಸ್ತ್ರೀಯರ ದೊಡ್ಡ ತೈಲಚಿತ್ರವೊಂದನ್ನು ಬರೆದನು. ಇವರು ಯಾರೆಂಬುದು ಬಹುಕಾಲ ತಿಳಿದಿರಲಿಲ್ಲ. ಇತಿಹಾಸಕಾರ ನೈಜಲ್ ಚಾನ್ಸಲರ್ ಅವರು ಇವರನ್ನು ಮೈಸೂರಿನ ರಾಣಿಯರೆಂದು ಗುರುತಿಸಿದ್ದಾರೆ. ಅವರ ಅಭಿಪ್ರಾಯದಂತೆ, ಬಲಗಡೆಗೆ ನಿಂತವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ಅವಳು ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರುತ್ತಿರುವುದು ಲಸಿಕೆ ಹಾಕಿಸಿಕೊಂಡ ಗುರುತನ್ನು ಪ್ರಜೆಗಳಿಗೆ ತಿಳಿಸುವುದಕ್ಕಾಗಿ. ಎಡಗಡೆಯ ಹಿರಿಯ ರಾಣಿಯ ಮುಖದಲ್ಲಿ ಹಳೆಯ ಪದ್ಧತಿಯ ಕಸಿಯ ಕುರುಹುಗಳಿವೆ. ನಡುವೆ ಇರುವವರು ರಾಜಮಾತೆ ಲಕ್ಷ್ಮಮ್ಮಣ್ಣಿಯವರು. ಹೆಂಗಸರು ಪರರ ಮುಂದೆ ಮುಖವನ್ನೇ ತೋರದ ಕಾಲದಲ್ಲಿ ರಾಣಿಯೊಬ್ಬಳು ತೋಳನ್ನು ತೋರಿ ನಿಂತದ್ದು ಸಾಮಾನ್ಯ ಧೈರ್ಯವಲ್ಲ.

ತೋಳಿನಿಂದ ತೋಳಿಗೆ ಸಾಗಿಸುವಾಗ ಬೇರೆ ರೋಗಗಳೂ ಅಂಟುತ್ತಿದ್ದವು. ಆದುದರಿಂದ ಮುಂದೆ ಕರುಗಳ ಚರ್ಮದ ಮೇಲೆ ಲಸಿಕೆಯನ್ನು ಬೆಳೆಸುವ ಕ್ರಮ ಬಂತು. ನಮ್ಮ ಬೆಳಗಾವಿಯಲ್ಲಿಯೂ ಬ್ರಿಟಿಷರ ಆಡಳಿತದಲ್ಲಿ ಸಿಡುಬಿನ ಲಸಿಕೆ ತಯಾರಿಸುವ ಸಂಸ್ಥೆ ಸ್ಥಾಪನೆಯಾಯಿತು. ಟಿಳಕವಾಡಿಯ ಆ ಮರಗಳ ತಾಣವನ್ನು ಊರಿನವರು ಇಂದಿಗೂ ‘ವ್ಯಾಕ್ಸಿನ್ ಡಿಪೋ’ ಎಂದೇ ಕರೆಯುತ್ತಾರೆ. ಅಲ್ಲಿ ತಿರುಗಾಡಲು ಹೋಗುವವರಲ್ಲಿ ಎಷ್ಟು ಜನ ಆ ಹೆಸರಿನೊಳಗೊಂದು ಆಕಳಿದೆಯೆಂದು ಬಲ್ಲರು?

ಪಾಶ್ಚರನ ಕೃತಜ್ಞತೆ

ಸುಮಾರು ಎಂಬತ್ತು ವರ್ಷಗಳವರೆಗೆ ವ್ಯಾಕ್ಸಿನ್ ಎಂದರೆ ಸಿಡುಬಿನ ಲಸಿಕೆ ಒಂದೇ. ಅನಂತರ ಫ್ರಾನ್ಸಿನ ಲೂಯಿ ಪಾಶ್ಚರನು ಕೋಳಿಗಳ ಕಾಲರಾಕ್ಕೂ ಕುರಿ ದನಗಳ ಅಂಥ್ರಾಕ್ಸ್ ರೋಗಕ್ಕೂ ಇದೇ ತತ್ತ್ವದ ಮೇಲೆ ರಕ್ಷಣೆಯನ್ನು ಕಂಡುಹಿಡಿದನು. ಇವುಗಳಿಗೂ ಆಕಳ ಗುಳ್ಳೆಗೂ ಸಂಬಂಧವಿರಲಿಲ್ಲ. ಹೊಸ ಹೆಸರನ್ನು ಕಟ್ಟುವ ಅಧಿಕಾರ ಅವನಿಗಿತ್ತು. ಆದರೆ 1881ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನದಲ್ಲಿ ಅವನು, ಜೆನ್ನರನ ಗೌರವಾರ್ಥವಾಗಿ ಇಂಥ ಎಲ್ಲ ರಕ್ಷಣೆಗಳಿಗೂ ‘ವ್ಯಾಕ್ಸಿನೇಷನ್’ ಎಂಬ ಹೆಸರನ್ನೇ ವಿಸ್ತರಿಸಬೇಕೆಂದು ಸೂಚಿಸಿದನು. 1885ರಲ್ಲಿ ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಬಾಲಕ ಜೋಸೆಫ್ ಮೈಸ್ಟರನನ್ನು ಉಳಿಸಿದ ಔಷಧಿಗೂ ಅದೇ ಹೆಸರಾಯಿತು.

ನಾವು ಹೇಳಹೊರಟ ಮುಖ್ಯ ಮಾತು ಇದೇ. ಇಂದು ‘ವ್ಯಾಕ್ಸಿನ್’ ಎಂಬ ಶಬ್ದದಲ್ಲಿ ಆಕಳು ಉಳಿದಿರುವುದು ಔಷಧಿಯ ಒಂದು ವಸ್ತುವಾಗಿ ಅಲ್ಲ, ನೆನಪಾಗಿ. ಕಂಡುಹಿಡಿದವನು ತನ್ನ ಹೆಸರನ್ನು ಮೆರೆಸದೆ, ತನಗಿಂತ ಮೊದಲು ದಾರಿ ತೋರಿದವನನ್ನು ನೆನೆದನು. ಆ ಮೊದಲಿನವನ ಹಿಂದೆ ಹಾಲು ಕರೆಯುವ ಕಾಯಕದ ಹುಡುಗಿಯೊಬ್ಬಳಿದ್ದಳು. ಅವಳ ಹಿಂದೆ ಒಂದು ಮೂಕಪ್ರಾಣಿಯಿತ್ತು. ಇವರೆಲ್ಲರ ಋಣವನ್ನು ಒಂದು ಶಬ್ದವು ಹೊತ್ತು ನಡೆಯುತ್ತಿದೆ.

ನಮ್ಮ ನುಡಿಯ ‘ಲಸಿಕೆ’

ನಮ್ಮ ಕನ್ನಡ ಬೇರೆ ದಾರಿ ಹಿಡಿಯಿತು. ಹಿಂದಿನವರು ಇದನ್ನು ‘ದೇವಿ ಹಾಕಿಸುವುದು’ ಎನ್ನುತ್ತಿದ್ದರು. ಕೆಲವು ಕಡೆ ‘ದಾಕು ಹಾಕಿಸುವುದು’ ಎಂದೂ ಇತ್ತು. ರೋಗಕ್ಕೂ ದೇವಿಯ ಹೆಸರು, ರಕ್ಷಣೆಗೂ ದೇವಿಯದೇ ಹೆಸರು. ತರುವಾಯ ಗ್ರಂಥಗಳಲ್ಲಿ ‘ಲಸಿಕೆ’ ಎಂಬ ಶಬ್ದ ನೆಲೆಯಾಯಿತು. ಇದು ಸಂಸ್ಕೃತದ ‘ಲಸೀಕಾ’. ಚರಕಸಂಹಿತೆಯು ಚರ್ಮ, ರಕ್ತ, ಮಾಂಸಗಳ ಜೊತೆಗೆ ಎಣಿಸುವ, ಮೈಯೊಳಗಿನ ನೀರಿನಂಥ ದ್ರವಕ್ಕೆ ಈ ಹೆಸರು. ಗುಳ್ಳೆಯಿಂದ ತೆಗೆದ ತಿಳಿರಸವೇ ಮೊದಲಿನ ಔಷಧಿಯಾದುದರಿಂದ ಈ ಶಬ್ದವು ಅದಕ್ಕೆ ಸರಿಯಾಗಿ ಹೊಂದಿತು. ಈಗ ಆ ರಸವೂ ಇಲ್ಲ. ಶಬ್ದ ಮಾತ್ರ ಉಳಿದಿದೆ. ಪೋಲಿಯೋದ ಹನಿಗೂ, 2021ರ ಜನವರಿ 16ರಿಂದ ದೇಶದಲ್ಲೆಲ್ಲ ಹಾಕತೊಡಗಿದ ಕೋವಿಡ್ ಚುಚ್ಚುಮದ್ದಿಗೂ ನಾವು ಲಸಿಕೆ ಎಂದೇ ಅನ್ನುತ್ತೇವೆ.

ಆಯಿಯವರಿಗೆ ಉತ್ತರ

ಮರುವಾರ ನಾವು ಆ ಮನೆಗೆ ಮತ್ತೆ ಹೋಗಿ ಇದನ್ನೆಲ್ಲ ಆಯಿಯವರಿಗೆ ಹೇಳಿದೆವು. ಮುಚ್ಚಿಡಲಿಲ್ಲ. ಹಿಂದಿನ ಸಿಡುಬಿನ ಲಸಿಕೆಯನ್ನು ಕರುಗಳ ಮೈಮೇಲೆ ಬೆಳೆಸುತ್ತಿದ್ದುದು ನಿಜ. ಈಗಿನ ಒಂದೊಂದು ಲಸಿಕೆಯ ತಯಾರಿಕೆಯೂ ಒಂದೊಂದು ಬಗೆ. ಯಾವುದರಲ್ಲಿ ಏನಿದೆಯೆಂಬ ಸಂಶಯವಿದ್ದರೆ ವೈದ್ಯರನ್ನು ನಿಸ್ಸಂಕೋಚವಾಗಿ ಕೇಳಬಹುದು, ಆದರೆ ಹೆಸರಿನ ಅರ್ಥವನ್ನು ನೋಡಿ ಮಾತ್ರ ನಿರ್ಧರಿಸಬಾರದು ಎಂದೆವು.

ಆಯಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸೆರಗನ್ನು ಸರಿಸಿ ತೋಳಿನ ಮೇಲಿನ ಎರಡು ದುಂಡನೆಯ ಕಲೆಗಳನ್ನು ತೋರಿಸಿದರು. “ನಮ್ಮಪ್ಪ ಹೊಲದಾಗಿಂದ ಎತ್ತಿಕೊಂಡು ಬಂದು ಹಾಕಿಸಿದ್ನರಿ. ನಾ ಭಾಳ ಅತ್ತಿದ್ದೆ. ನಮ್ಮ ಓಣ್ಯಾಗ ಹಾಕಿಸದ ಮನಿಯೊಳಗ ಇಬ್ಬರು ಹುಡುಗರು ಹೋದ್ವು” ಎಂದರು.

ಆ ಕಲೆಗಳು ಇನ್ನು ಹೊಸಬರ ತೋಳಿನಲ್ಲಿ ಏಳಬೇಕಾಗಿಲ್ಲ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರ ಮೇ ತಿಂಗಳಲ್ಲಿ. ಲೋಕದಲ್ಲಿ ಸಹಜವಾಗಿ ಹರಡಿದ ಕೊನೆಯ ಪ್ರಕರಣ 1977ರಲ್ಲಿ ಸೊಮಾಲಿಯಾದಲ್ಲಿ. 1980ರ ಮೇ 8ರಂದು ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆಯು ಸಿಡುಬು ಭೂಮಿಯಿಂದ ತೊಲಗಿತೆಂದು ಘೋಷಿಸಿತು. ಈಗಿನ ಮಕ್ಕಳ ತೋಳಿನಲ್ಲಿ ಕಾಣುವ ಕಲೆ ಕ್ಷಯದ ಬಿ.ಸಿ.ಜಿ. ಚುಚ್ಚುಮದ್ದಿನದು. ಪೋಲಿಯೋ ಕೂಡ ನಮ್ಮ ದೇಶವನ್ನು ಬಿಟ್ಟಿತೆಂದು 2014ರಲ್ಲಿ ಪ್ರಮಾಣೀಕೃತವಾಯಿತು. ಆದರೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ದಡಾರಗಳು ಇನ್ನೂ ಬಾಗಿಲ ಹೊರಗೆ ಕಾದಿವೆ. ಇವುಗಳಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಬೆಲೆಯಿಲ್ಲದೆ ಲಸಿಕೆ ದೊರೆಯುತ್ತದೆ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳುಗಳಿಗೆ, ಮತ್ತೆ ಒಂಬತ್ತು ತಿಂಗಳು ತುಂಬಿದಾಗ ತಪ್ಪದೆ ಹಾಕಿಸುವುದು ತಂದೆತಾಯಿಗಳ ಹೊಣೆ. ದಿನ ತಪ್ಪಿದ್ದರೆ, ತಡವಾಯಿತೆಂದು ಬಿಟ್ಟುಬಿಡದೆ ಕೂಡಲೇ ಆಸ್ಪತ್ರೆಯಲ್ಲಿ ಕೇಳಬೇಕು.

ನಾವು ಎದ್ದು ಹೊರಡುವಾಗ ಆಯಿಯವರು ಮೊಮ್ಮಗನನ್ನು ಕೂಗಿ, “ಗಾಡಿ ತೆಗಿಯೊ, ಕೂಸಿಗೆ ಸೂಜಿ ಹಾಕಿಸಿಕೊಂಡು ಬರೂಣು. ನಾನೂ ಬರ್ತೀನಿ” ಎಂದರು. ಹಿತ್ತಲಲ್ಲಿ ಕಟ್ಟಿದ್ದ ಆಕಳಿಗೆ ಒಂದು ಹಿಡಿ ಹಿಂಡಿಯನ್ನು ಹಾಕಿ ಬಂದು, ಕೂಸನ್ನು ತಾವೇ ಎತ್ತಿಕೊಂಡು ಮುಂದೆ ನಡೆದರು.